ಐದು ರೂಪಾಯಿಯ ಗಂಗೆ

ವಿಜಯಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಹುನಗುಂದ ಒಂದು ಕೂಡುದಾರಿಯ ಊರು. ರಾಯಚೂರು–ಬೆಳಗಾವಿ ರಸ್ತೆ ಇಲ್ಲಿಯೇ ಅಡ್ಡ ಹಾಯುತ್ತದೆ. ಉತ್ತರಕ್ಕೆ ಹೊರಟವರು ಕೃಷ್ಣೆ, ಮಲಪ್ರಭೆ ಒಂದಾಗುವ ಕೂಡಲಸಂಗಮ ನೋಡುತ್ತಾರೆ. ದಕ್ಷಿಣಕ್ಕೆ ಹೊರಟವರು ಇಳಕಲ್ಲಿನಲ್ಲಿ ಸೀರೆ ಕೊಳ್ಳುತ್ತಾರೆ. ಪಶ್ಚಿಮದ ಹಾದಿ ಹಿಡಿದವರು ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆಗೆ ಸಾಗುತ್ತಾರೆ. ಹೀಗಾಗಿ ಹುನಗುಂದ ಸೀಮೆಯನ್ನು ಹಾದುಹೋಗುವವರು ಬಹಳ, ಇಳಿದು ನೋಡುವವರು ಕಡಿಮೆ.

ಇಳಿದು ಹಳ್ಳಿಯ ಒಳದಾರಿ ಹಿಡಿದವರಿಗೆ ಅಗಸಿಯ ಬಳಿಯೋ, ಗುಡಿಯ ಪಕ್ಕದಲ್ಲೋ, ಪಂಚಾಯಿತಿ ಕಚೇರಿಯ ಎದುರಿಗೋ ಒಂದು ಸಣ್ಣ ಕೋಣೆ ಕಾಣುತ್ತದೆ. ಗೋಡೆಯ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಬರಹ. ಹೊರಗೆ ಚಾಚಿದ ಒಂದು ನಳ, ಅದರ ಮಗ್ಗುಲಲ್ಲಿ ನಾಣ್ಯ ಹಾಕಲು ಒಂದು ಸೀಳುಗಂಡಿ. ಊರವರ ಬಾಯಲ್ಲಿ ಇದರ ಹೆಸರು ‘ಫಿಲ್ಟರ್’. ನಾಣ್ಯ ಬಿದ್ದೊಡನೆ ನೀರು ಬರುತ್ತದೆ. ಇಪ್ಪತ್ತು ಲೀಟರ್ ಆದೊಡನೆ ತಾನಾಗಿಯೇ ನಿಲ್ಲುತ್ತದೆ. ದೊಡ್ಡ ಪಟ್ಟಣಗಳ ರೈಲು ನಿಲ್ದಾಣ, ಆಸ್ಪತ್ರೆಗಳಲ್ಲಿ ಹಣ ಹಾಕಿದರೆ ಕಾಫಿ, ಬಿಸ್ಕತ್ತು ಕೊಡುವ ಯಂತ್ರಗಳ ಜಾತಿಗೆ ಸೇರಿದ್ದೇ ಇದು. ವ್ಯತ್ಯಾಸವೆಂದರೆ ಅಲ್ಲಿ ಬಾಯಿರುಚಿಗೆ ನಾಣ್ಯ, ಇಲ್ಲಿ ಬದುಕಿಗೆ.

ಕೆಂಪು ಕಲ್ಲಿನ ಕೆಳಗಿನ ನೀರು

ಎರಡು ನದಿಗಳು ಕೂಡುವ ಸೀಮೆಯಲ್ಲಿ ಕುಡಿಯುವ ನೀರಿಗೆ ಕಾಸು ಕೊಡುವುದೇ ಎಂದು ಪರಸ್ಥಳದವರಿಗೆ ಅಚ್ಚರಿ ಎನಿಸಬಹುದು. ನದಿ ಹತ್ತಿರವಿದ್ದರೂ ಅನೇಕ ಹಳ್ಳಿಗಳು ಬಹುಕಾಲ ಬಾವಿ ಮತ್ತು ಕೊಳವೆಬಾವಿಯನ್ನೇ ನಂಬಿದ್ದವು. ಇಲ್ಲಿಯ ನೆಲದಡಿ ಇರುವುದು ಗಡಸು ಶಿಲೆ. ಇಳಕಲ್ಲಿನ ಕೆಂಪು ಗ್ರಾನೈಟ್ ನುಣುಪಾಗಿ ಹೊಳೆದು ದೂರದೂರದ ಕಟ್ಟಡಗಳ ನೆಲವಾಗಿದೆ. ಇಂಥ ಶಿಲೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಫ್ಲೋರೈಡ್ ಮಾತು ಬಂದಾಗ ಹುನಗುಂದ, ಇಳಕಲ್ ಭಾಗದ ಹೆಸರು ಬರುವುದು ಈ ಕಾರಣಕ್ಕೆ.

ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ಫ್ಲೋರೈಡ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯ ಮಾನಕವೂ 1 ಮಿಲಿಗ್ರಾಂ ಸಾಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಎನ್ನುತ್ತದೆ. ಮಿತಿ ದಾಟಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದರೆ ಹಲ್ಲಿಗೆ ಕಂದು ಕಲೆ ಬೀಳುತ್ತದೆ. ಹತ್ತಾರು ವರ್ಷ ಕುಡಿದರೆ ಅದು ಎಲುಬಿಗಿಳಿಯುತ್ತದೆ. ಕೀಲು ಬಿಗಿಯುತ್ತವೆ, ಬೆನ್ನು ಬಾಗುತ್ತದೆ, ಕುಳಿತವರಿಗೆ ಏಳುವುದೇ ಕಷ್ಟವಾಗುತ್ತದೆ. ಇದು ಕುದಿಸಿದರೆ ಹೋಗುವ ದೋಷವೂ ಅಲ್ಲ; ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡ್ ದಟ್ಟವಾಗುತ್ತದೆ. ಅರಿವೆಯಲ್ಲಿ ಸೋಸಿದರೆ ಮಣ್ಣು ನಿಂತೀತು, ಫ್ಲೋರೈಡ್ ನಿಲ್ಲದು.

ಅದಕ್ಕೇ ಈ ಕೋಣೆಯೊಳಗಿನ ಯಂತ್ರ ಬೇಕಾಯಿತು. ನೀರು ಮೊದಲು ಮರಳಿನ ಮೂಲಕ, ಆಮೇಲೆ ಇದ್ದಿಲಿನ ಮೂಲಕ ಹಾಯುತ್ತದೆ. ಕೊನೆಗೆ ಪಂಪು ಅದನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಹಾಯಿಸುತ್ತದೆ. ಫ್ಲೋರೈಡ್ ಬಹುಪಾಲು ಉಳಿಯುವುದು ಆ ಪೊರೆಯ ಈಚೆಗೆ. ಗದಗ ಜಿಲ್ಲೆಯ ಹುಲಕೋಟಿಯಲ್ಲಿ ಇಂಥ ಘಟಕವನ್ನು ಮೊದಲೇ ಕಂಡಿದ್ದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ, ರಾಜ್ಯದ ಹಳ್ಳಿಗಳಲ್ಲಿ ಸಾವಿರಾರು ಘಟಕಗಳು ತಲೆಯೆತ್ತಿದವು. ಮೊದಲು ಒಂದೆರಡು ರೂಪಾಯಿಗೆ ಕೊಡ ತುಂಬುತ್ತಿತ್ತು. ಈಗ ಹಲವೆಡೆ ಐದು ರೂಪಾಯಿ.

ಸಾಲಿನಲ್ಲಿ ನಿಲ್ಲುವವರು

ಬೆಳಗಿನ ಹೊತ್ತು ಘಟಕದ ಮುಂದೆ ನಿಂತು ನೋಡಿದರೆ ಊರಿನ ಸ್ಥಿತಿಗತಿ ತಿಳಿಯುತ್ತದೆ. ಹರೆಯದವರು ಮೋಟಾರು ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಬರುತ್ತಾರೆ. ನಾಣ್ಯ ಹಾಕಿ, ತುಂಬಿಸಿ, ಐದೇ ನಿಮಿಷದಲ್ಲಿ ಮಾಯ. ಶಾಲೆಯ ಹುಡುಗರು ಸೈಕಲ್ ತರುತ್ತಾರೆ. ಇವರ ನಡುವೆ ಸೆರಗಿನ ತುದಿಯ ಗಂಟು ಬಿಚ್ಚಿ ನಾಣ್ಯ ತೆಗೆಯುವ ಅಜ್ಜಿಯರು, ಒಂದು ಕೈಯಲ್ಲಿ ಕೋಲು ಇನ್ನೊಂದರಲ್ಲಿ ಖಾಲಿ ಕೊಡ ಹಿಡಿದ ಅಜ್ಜಂದಿರು.

ಇವರು ತಾವೇ ಏಕೆ ಬರಬೇಕು? ಹಿಂಗಾರಿ ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ತೀರಿದಾಗ ಈ ಭಾಗದ ಅನೇಕ ಕುಟುಂಬಗಳು ಗುಳೆ ಹೋಗುತ್ತವೆ. ಗೋವಾ, ಮಂಗಳೂರು, ಬೆಂಗಳೂರು ಕಡೆಯ ಕಟ್ಟಡದ ಕೆಲಸ ಅವರನ್ನು ಕರೆಯುತ್ತದೆ. ದುಡಿಯುವ ಮಕ್ಕಳು ಹೋದ ಮನೆಯಲ್ಲಿ ಉಳಿಯುವವರು ಮುದುಕರು, ಇಲ್ಲವೆ ಮುದುಕರು ಮತ್ತು ಮೊಮ್ಮಕ್ಕಳು. ಮಗ ಹಣ ಕಳುಹಿಸಬಲ್ಲ. ಆದರೆ ಗೋವೆಯಲ್ಲಿ ನಿಂತು ಹುನಗುಂದ ಸೀಮೆಯ ಹಳ್ಳಿಯಲ್ಲಿ ಕೊಡ ಎತ್ತಲಾರ.

ಯಂತ್ರದ ಲೆಕ್ಕ ಇಪ್ಪತ್ತು ಲೀಟರಿನದು. ಇಪ್ಪತ್ತು ಲೀಟರ್ ನೀರೆಂದರೆ ಇಪ್ಪತ್ತು ಕಿಲೋ ಭಾರ. ಯಾವ ನೀರು ಬೆನ್ನನ್ನು ಬಗ್ಗಿಸಿತೋ ಅದರಿಂದ ಪಾರಾಗಲು ಅದೇ ಬೆನ್ನು ಇಪ್ಪತ್ತು ಕಿಲೋ ಹೊರಬೇಕು! ಕೊಡ ಅರ್ಧ ತುಂಬಿದಾಗಲೇ ಅಜ್ಜಿ ಅದನ್ನು ಸರಿಸುತ್ತಾಳೆ. ಯಂತ್ರ ನಿಲ್ಲುವುದಿಲ್ಲ; ಉಳಿದ ನೀರು ಪಕ್ಕದವರ ಕೊಡಕ್ಕೆ ಹೋಗುತ್ತದೆ, ಇಲ್ಲವೆ ಚರಂಡಿಗೆ. ಅರ್ಧ ಕೊಡಕ್ಕೂ ಪೂರ್ತಿ ನಾಣ್ಯವೇ.

ನಾಣ್ಯದ್ದೂ ಒಂದು ಕಥೆ. ಯಂತ್ರ ನಾಣ್ಯವನ್ನು ಗುರುತಿಸುವುದು ಅದರ ಗಾತ್ರ, ತೂಕ, ಲೋಹದಿಂದ. ಚಲಾವಣೆಗೆ ಬಂದ ಐದು ರೂಪಾಯಿ ನಾಣ್ಯಗಳು ಒಂದೇ ಬಗೆಯವಲ್ಲ; 1992ರಲ್ಲಿ ಬಂದದ್ದು ಒಂಬತ್ತು ಗ್ರಾಂ ತೂಗುವ ದಪ್ಪನೆಯದು, ಆಮೇಲಿನವು ಹಗುರ. ಯಂತ್ರಕ್ಕೆ ಗುರುತು ಸಿಗದ ನಾಣ್ಯ ಹೊರಬೀಳುತ್ತದೆ. ಪೊರೆ ಬಂದ ಕಣ್ಣಿಗೆ ಅದೇಕೆ ಹೊರಬಿತ್ತೆಂದು ತಿಳಿಯುವುದಿಲ್ಲ. ಕಣ್ಣು ಕಾಣದವರು ಬೆರಳಿನಿಂದಲೇ ಗುರುತಿಸಲೆಂದು ಕೇಂದ್ರ ಸರ್ಕಾರ 2019ರಲ್ಲಿ ಹೊಸ ನಾಣ್ಯಗಳ ಸರಣಿಯನ್ನು ತಂದಿತೇನೋ ನಿಜ. ಆದರೆ ಸೆರಗಿನ ಗಂಟಿನಲ್ಲಿ ಹಳೆಯದೂ ಹೊಸದೂ ಕೂಡಿಯೇ ಇರುತ್ತವೆ. ಆಗ ಕೇಳಿಬರುವುದು ಒಂದೇ ಮಾತು: “ತಮ್ಮಾ, ಇದೊಂದ್ ಹಾಕಿ ಕೊಡಪಾ.” ಯಾರೋ ಒಬ್ಬ ಹಾಕಿ ಕೊಡುತ್ತಾನೆ. ಯಾರೂ ಇಲ್ಲದ ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಕುಳಿತು ಕಾಯುತ್ತಾಳೆ.

ಕೇಳದೆ ಪಡೆಯುವ ಸುಖ

ನಾಣ್ಯ ನುಂಗಿ ನೀರು ಕೊಡುವ ಯಂತ್ರ ಹೊಸ ಕಾಲದ್ದೆಂದು ತಿಳಿಯಬೇಕಾಗಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಹೀರೋ ಎಂಬ ಪಂಡಿತ ಇಂಥದ್ದನ್ನೇ ವಿವರಿಸಿದ್ದಾನೆ. ದೇವಾಲಯಕ್ಕೆ ಬಂದವರು ಐದು ದ್ರಾಖ್ಮಾ ನಾಣ್ಯ ಹಾಕಿದರೆ ಅದು ಒಳಗಿನ ಸನ್ನೆಯ ತುದಿಗೆ ಬೀಳುತ್ತಿತ್ತು. ಅದರ ಭಾರಕ್ಕೆ ಸನ್ನೆ ಬಾಗಿ ಇನ್ನೊಂದು ತುದಿಯ ಮುಚ್ಚಳ ಏಳುತ್ತಿತ್ತು. ನಾಣ್ಯ ಜಾರಿ ಬೀಳುವವರೆಗೆ ಪವಿತ್ರ ಜಲ ಸುರಿಯುತ್ತಿತ್ತು. ಜಗತ್ತಿನಲ್ಲಿ ದಾಖಲೆಗೆ ಸಿಕ್ಕ ಮೊದಲ ಮಾರಾಟ ಯಂತ್ರವೂ ಮಾರಿದ್ದು ನೀರನ್ನೇ! ಅಲ್ಲಿ ಸಿಗುತ್ತಿದ್ದದ್ದು ಮಾತ್ರ ಕೈತೊಳೆಯುವಷ್ಟು; ಹೊತ್ತೊಯ್ಯುವ ಚಿಂತೆ ಇರಲಿಲ್ಲ.

ನಮ್ಮ ಕಡೆಯ ಪಟ್ಟಣಗಳಲ್ಲಿ ‘ನರ್ಸಿಂಗ್ ಹೋಮ್’ ಎಂಬ ಫಲಕವಿದ್ದರೆ ಅದು ಖಾಸಗಿ ಆಸ್ಪತ್ರೆ. ಅಮೆರಿಕ ಮುಂತಾದ ದೇಶಗಳಲ್ಲಿ ಅದೇ ಹೆಸರು ಮುದುಕರು ವರ್ಷಗಟ್ಟಲೆ ಆರೈಕೆ ಪಡೆಯುವ ಮನೆಗೆ ಸಲ್ಲುತ್ತದೆ. ಅಂಥ ಮನೆಗಳಲ್ಲಿ ತಿಂಡಿ, ಪಾನೀಯದ ಯಂತ್ರಗಳನ್ನಿಡುವುದುಂಟು. ರಾತ್ರಿ ಪಾಳಿಯ ದಾದಿಯರಿಗೂ ನೋಡಲು ಬಂದ ಬಂಧುಗಳಿಗೂ ಅದರಿಂದ ಅನುಕೂಲ. ಅಲ್ಲಿಯ ವೃದ್ಧರಿಗೆ ಸಿಗುವ ಲಾಭ ಬೇರೆ. ಊಟ, ಮಾತ್ರೆ, ಸ್ನಾನ ಎಲ್ಲಕ್ಕೂ ಇನ್ನೊಬ್ಬರ ವೇಳೆ ಕಾಯಬೇಕಾದವರು ಯಾರನ್ನೂ ಕೇಳದೆ, ಬೇಕೆನಿಸಿದಾಗ ತಾವೇ ಒಂದು ವಸ್ತು ಪಡೆಯಬಹುದು.

ಈ ಸಣ್ಣ ಸ್ವಾತಂತ್ರ್ಯಕ್ಕೆ ಅಲ್ಲಿ ಕಾನೂನಿನ ಬೆಂಬಲವೂ ಇದೆ. ಅಮೆರಿಕದ 2010ರ ಮಾನದಂಡದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಇಂಥ ಯಂತ್ರಗಳಿದ್ದರೆ ಪ್ರತಿ ಬಗೆಯದರಲ್ಲಿ ಒಂದಾದರೂ ಅಶಕ್ತರಿಗೆ ಒದಗಬೇಕು. ಅದರ ಗುಂಡಿ, ನಾಣ್ಯದ ಗಂಡಿಗಳು ನೆಲದಿಂದ 15 ಇಂಚಿಗಿಂತ ಕೆಳಗೂ 48 ಇಂಚಿಗಿಂತ ಮೇಲೂ ಇರುವಂತಿಲ್ಲ. ಒಂದೇ ಕೈಯಿಂದ, ಬೆರಳು ಬಿಗಿಹಿಡಿದು ತಿರುಚದೆ, ಐದು ಪೌಂಡ್ ಮೀರದ ಒತ್ತಿನಿಂದ ಅದು ನಡೆಯಬೇಕು. ಮುದುಕರೇ ಹೆಚ್ಚಾಗುತ್ತಿರುವ ಜಪಾನಿನಲ್ಲಿ ಬಗ್ಗದೆ ವಸ್ತು ತೆಗೆದುಕೊಳ್ಳಬಹುದಾದ, ನಾಣ್ಯಗಳನ್ನು ಒಟ್ಟಿಗೇ ಬಟ್ಟಲಿಗೆ ಸುರಿದರೆ ತಾನೇ ಎಣಿಸಿಕೊಳ್ಳುವ ಯಂತ್ರಗಳು ಬಂದಿವೆ.

ನಮ್ಮಲ್ಲಿ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ಬಹುಪಾಲು ಹಿರಿಯರು ಆಶ್ರಮ ಸೇರುವವರಲ್ಲ. ತಮ್ಮ ಮನೆಯಲ್ಲೇ, ತಮ್ಮ ಓಣಿಯಲ್ಲೇ ಇರುವವರು. ಗುಳೆಯ ತಿಂಗಳುಗಳಲ್ಲಿ ಫಲಕವಿಲ್ಲದ ವೃದ್ಧಾಶ್ರಮವಾಗುವುದು ಊರೇ. ಹಾಗಾದರೆ ಆ ಊರಿನ ಯಂತ್ರ ಯಾರ ಅಳತೆಯದಾಗಿರಬೇಕು?

ದೊಡ್ಡ ಖರ್ಚಿನ ಮಾತಲ್ಲ

ಒಂದು ರೂಪಾಯಿಗೆ ನಾಲ್ಕು ಲೀಟರ್ ಎಂದು ಅಳತೆ ಒಡೆದರೆ ಅಜ್ಜಿ ದಿನಕ್ಕೆ ಬೇಕಾದಷ್ಟನ್ನೇ ಒಯ್ದಾಳು. ನಳದ ಕೆಳಗೆ ಸೊಂಟದೆತ್ತರದ ಕಟ್ಟೆ ಇದ್ದರೆ ಕೊಡವನ್ನು ನೆಲದಿಂದ ಎತ್ತಬೇಕಾಗಿಲ್ಲ. ನಾಣ್ಯದ ಗಂಡಿ ಕೈಗೆಟಕುವಂತಿರಲಿ, ನೀರು ಚೆಲ್ಲುವ ಕಡೆ ಜಾರದ ಹಾಸುಗಲ್ಲಿರಲಿ. ಕಲ್ಲಿಗಂತೂ ಇಳಕಲ್ ಸೀಮೆಯಲ್ಲಿ ಬರವಿಲ್ಲ! ಕೂಡಲು ನೆರಳಿನಲ್ಲೊಂದು ಕಟ್ಟೆ ಸಾಕು. ಎಲ್ಲಕ್ಕಿಂತ ಮೊದಲು ಘಟಕ ನಡೆಯುತ್ತಿರಬೇಕು. ಪೊರೆ ಬದಲಿಸದೆ, ಪಂಪು ರಿಪೇರಿಯಾಗದೆ ಘಟಕಗಳು ಬಾಗಿಲು ಹಾಕಿರುವ ದೂರು ರಾಜ್ಯದ ಅನೇಕ ಕಡೆಯಿಂದ ಬರುತ್ತಲೇ ಇದೆ. ಬಾಗಿಲು ಹಾಕಿದ ದಿನ ಹರೆಯದವರು ಪಕ್ಕದ ಊರಿಗೆ ಗಾಡಿ ಓಡಿಸುತ್ತಾರೆ. ಮುದುಕರು ಮತ್ತೆ ಕೊಳವೆಬಾವಿಯ ನೀರಿಗೆ ಮರಳುತ್ತಾರೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಡಿ ಮನೆಮನೆಗೆ ನಳ ಹಾಕುವ ಕೆಲಸ ನಡೆದಿದೆ. ಒಳ್ಳೆಯ ನೀರು ಮನೆಯ ನಳದಲ್ಲೇ ದಿನವೂ ಬಂದರೆ ಈ ಯಂತ್ರವೇ ಬೇಡವಾದೀತು. ಅಲ್ಲಿಯವರೆಗೆ ಯಂತ್ರ ಮುದುಕರ ಕೈಗೆ ಒಗ್ಗಬೇಕು.

ಹುನಗುಂದದಿಂದ ಕೂಡಲಸಂಗಮಕ್ಕೆ ಬಸ್ಸಿನಲ್ಲಿ ಬಹಳ ಹೊತ್ತೇನೂ ಬೇಡ. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿ ಸಮುದ್ರದಂತೆ ಹರಡಿಕೊಂಡಿದೆ. ಬಸವಣ್ಣನವರ ಐಕ್ಯಮಂಟಪ ಮುಳುಗದಿರಲೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಲಾಗಿದ್ದು, ಮೆಟ್ಟಿಲಿಳಿದು ಹೋಗಬೇಕು. ಕ್ಷೇತ್ರದ ದಾಸೋಹದಲ್ಲಿ ಪಂಕ್ತಿಗೆ ಕೂತವರಿಗೆ ಅನ್ನವೂ ನೀರೂ ಕೂತಲ್ಲಿಗೇ ಬರುತ್ತವೆ, ನಾಣ್ಯ ಕೇಳುವವರಿಲ್ಲ. ಬೇಸಿಗೆಯಲ್ಲಿ ದಾರಿಬದಿಗೆ ಅರವಟಿಗೆ ಇಟ್ಟು ದಣಿದವರಿಗೆ ನೀರು ಕೊಡುವ ಪದ್ಧತಿಯೂ ನಾಡಿನಲ್ಲಿ ಹಳೆಯದೇ.

ಈ ಕಡೆ ಪ್ರವಾಸ ಹೊರಡುವವರಿಗೆ ಚಳಿಗಾಲ ಅನುಕೂಲ. ಬೇಸಿಗೆಯ ಬಿಸಿಲು ಕಠಿಣ. ದಾರಿಯ ಹಳ್ಳಿಗಳಲ್ಲಿ ನೀರು ತುಂಬಿಕೊಳ್ಳಲು ಐದು ರೂಪಾಯಿಯ ನಾಣ್ಯಗಳು ಜೇಬಿನಲ್ಲಿರಲಿ. ಫಿಲ್ಟರಿನ ಮುಂದೆ ತುಂಬಿದ ಕೊಡದ ಪಕ್ಕ ಯಾರಾದರೂ ಅಜ್ಜಿ ಸುಮ್ಮನೆ ನಿಂತಿದ್ದರೆ ಅವಳು ಕೇಳುವವರೆಗೆ ಕಾಯಬೇಡಿ. ಕೊಡ ಎತ್ತಿಕೊಂಡು, ಮನೆ ಯಾವ ಓಣಿಯಲ್ಲಿ ಎಂದು ಕೇಳಿದರೆ ಸಾಕು.