ಆಗ್ನೇಯ ಮೂಲೆ

ನಮ್ಮ ಯಾವಗಲ್ಲಿನ ಮೇಲ್ಮುದ್ದಿ ಮನೆಗಳ ಮೇಲೆ ದೂರದರ್ಶನದ ಫ್ರೀ ಡಿಶ್ ತಟ್ಟೆಗಳು ಆಗ್ನೇಯಕ್ಕೆ ಮುಖ ಮಾಡಿವೆ. 2015ರಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹ ಇರುವುದು ಆ ದಿಕ್ಕಿಗೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುವುದರಿಂದ ನಮಗದು ನಿಂತಲ್ಲೇ ನಿಂತಂತೆ. ತಟ್ಟೆಯನ್ನು ಒಮ್ಮೆ ಕೂರಿಸಿದರೆ ಸಾಕು, ತಿಂಗಳ ಬಾಡಿಗೆಯೂ ಇಲ್ಲ.

2020ರಲ್ಲಿ ಕೊರೋನಾದಿಂದ ಶಾಲೆಗೆ ಬೀಗ ಬಿದ್ದಾಗ ಚಂದನದಲ್ಲಿ ಪಾಠ ಬಂತು. ಮಕ್ಕಳ ಮನೆಗೆ ಹೋಗಿ ನೋಡಿದರೆ ಟಿವಿ ಮುಂದೆ ಅಣ್ಣ, ಒಲೆ ಮುಂದೆ ತಂಗಿ.

"ಆಮ್ಯಾಲೆ ಅಣ್ಣನ್ನ ಕೇಳ್ತೀನ್ರೀ ಅಕ್ಕೋರ," ಎಂದಳು ಹುಡುಗಿ.

"ತಂಗೆವ್ವಾ, ಪಾಠ ಮುಗಿಯೋತನಕ ರೊಟ್ಟಿ ತಡಾ ಆಗ್ಲಿ," ಎಂದೆ ಅವಳ ತಾಯಿಗೆ.

ಆಗ್ನೇಯವೆಂದರೆ ಹಿರಿಯರು ಒಲೆಗೆ ಮೀಸಲಿಟ್ಟ ಮೂಲೆ. ಆ ದಿಕ್ಕಿನಿಂದಲೇ ಪಾಠ ಮನೆಯತನಕ ಬಂತು. ಒಲೆ ಮುಂದಿನ ಮಗಳನ್ನು ಅದರ ಮುಂದೆ ಕೂರಿಸುವುದು ಮಾತ್ರ ನಮ್ಮ ಕೆಲಸವೇ, ತಾಯಂದಿರೆ.