ಇರುವೆಯ ಎದೆ ಎಲ್ಲಿ ಮುಗಿಯುತ್ತೆ?

ಕೀಟದ ದೇಹಕ್ಕೆ ಮೂರು ಭಾಗ ಅಂತ ನೀವೂ ಓದಿರ್ತೀರಿ. ಕನ್ನಡ ಮಾಧ್ಯಮದವರಾದರೆ ಶಿರ, ವಕ್ಷ, ಉದರ. ಇಂಗ್ಲಿಷ್ ಮಾಧ್ಯಮದವರಾದರೆ ಹೆಡ್, ಥೊರಾಕ್ಸ್, ಅಬ್ಡಾಮನ್. ನಾನಿರುವ ಜರ್ಮನಿಯಲ್ಲಿ ಮಕ್ಕಳು ಕಲಿಯೋದು ಕೋಪ್ಫ್, ಬ್ರುಸ್ಟ್, ಹಿಂಟರ್‌ಲೈಬ್. ಅಂದ್ರೆ ತಲೆ, ಎದೆ, ಹಿಂಬದಿಯ ಮೈ. ಮೊದಲೆರಡು, ಕೆಮ್ಮು ಬಂದಾಗ ಡಾಕ್ಟರ ಹತ್ತಿರ ಹೇಳುವ ಪದಗಳೇ.

ಏಳು ವರ್ಷದ ಮಗಳು "ಅಪ್ಪ, ಬ್ರುಸ್ಟ್‌ಗೆ ಕನ್ನಡದಲ್ಲಿ ಏನು?" ಅಂತ ಕೇಳಿದಳು. ಇರುವೆಯದ್ದು ಅಂತ ಗೊತ್ತಾಗಿ "ವಕ್ಷ" ಅಂದೆ. "ಅದು ಕನ್ನಡನಾ?" ಅಂದಳು. "ಎದೆ" ಅಂದ ಮೇಲೆ ತಲೆಯಾಡಿಸಿದಳು.

ಹಾಗಾದ್ರೆ ಎದೆ ಅಂದ್ರೆ ಸಾಕಾ? ನಮಗೆ ಎದೆ ಅಂದ್ರೆ ಗುಂಡಿಗೆ, ಉಸಿರು. ಕೀಟದ ಹೃದಯ ಹೊಟ್ಟೆಯ ಬೆನ್ನಿನ ಕಡೆ ಉದ್ದಕ್ಕೆ ಚಾಚಿದ ಕೊಳವೆ. ಉಸಿರಾಟ ಎದೆ, ಹೊಟ್ಟೆಗಳ ಪಕ್ಕದ ಸಣ್ಣ ರಂಧ್ರಗಳಿಂದ. ಅದರ ಎದೆಯಲ್ಲಿರೋದು ಮೂರು ಖಂಡ. ಒಂದೊಂದಕ್ಕೂ ಒಂದು ಜೊತೆ ಕಾಲು. ರೆಕ್ಕೆಯಿದ್ದರೆ ಎರಡನೇ, ಮೂರನೇ ಖಂಡಗಳ ಮೇಲೆ. ನಡೆಯೋಕೆ, ಹಾರೋಕೆ ಬೇಕಾದ ಸ್ನಾಯುಗಳೇ ಅಲ್ಲಿ ತುಂಬಿವೆ. ಆದರೆ ವಕ್ಷ ಅಂದ್ರೂ ಎದೆಯೇ ತಾನೆ? ಸಂಸ್ಕೃತ ಪದದಿಂದ ಈ ತೊಡಕು ಹೋಗಲ್ಲ, ಮರೆಯಾಗುತ್ತೆ ಅಷ್ಟೆ.

ದಿನವಿಡೀ ಡೇಟಾಗೆ ಲೇಬಲ್ ಹಚ್ಚುವ ನನಗೆ ಇರುವೆ ಇನ್ನೊಂದು ಪಾಠ ಹೇಳ್ತು. ಇರುವೆ, ಕಣಜ, ಜೇನುನೊಣಗಳಲ್ಲಿ ಹೊಟ್ಟೆಯ ಮೊದಲ ಖಂಡ ಎದೆಗೆ ಬೆಸೆದುಕೊಂಡಿದೆ. ಸೊಂಟ ಬರೋದು ಅದಾದ ಮೇಲೆ. ಕಣ್ಣಿಗೆ ಎದೆ ಅಂತ ಕಾಣೋದರಲ್ಲಿ ಹೊಟ್ಟೆಯ ತುಂಡೂ ಸೇರಿದೆ. ಅದಕ್ಕೇ ವಿಜ್ಞಾನಿಗಳು ಈ ಜೋಡಿ ಭಾಗಕ್ಕೆ ಮೀಸೋಸೋಮ ಅಂತ ಬೇರೆ ಹೆಸರಿಟ್ಟರು. ಇರುವೆಯ ಸೊಂಟಕ್ಕೆ ಪೆಟಿಯೋಲ್ ಅಂತಾರೆ. ಸಸ್ಯಶಾಸ್ತ್ರದಲ್ಲಿ ಅದೇ ಪದ ಎಲೆಯ ತೊಟ್ಟಿಗೆ. ನಾವೂ ತೊಟ್ಟು ಅನ್ನಬಹುದಲ್ವಾ?

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಹೊರದೇಶದ ನಮ್ಮ ಮನೆಗಳಲ್ಲಿ ಕನ್ನಡ "ಊಟ ಮಾಡು", "ಮಲಗು" ಅನ್ನೋದಕ್ಕೆ ಸೀಮಿತವಾಗ್ತಿದೆ. "ಇದು ಹೇಗೆ ಕೆಲಸ ಮಾಡುತ್ತೆ?" ಅನ್ನೋ ಪ್ರಶ್ನೆ ಇನ್ನೊಂದು ಭಾಷೆಗೆ ಹೋಗ್ತಿದೆ. ಆ ಪ್ರಶ್ನೆ ಕನ್ನಡದಲ್ಲೇ ಬರಬೇಕಾದ್ರೆ ಮಗುವಿನ ಬಾಯಲ್ಲಿರುವ ಪದದಿಂದ ಶುರು ಮಾಡಬೇಕು. ವಕ್ಷ ಆಮೇಲೆ ಬರಲಿ, ಬೇಡ ಅನ್ನಲ್ಲ.

ನೀವೂ ಮಕ್ಕಳ ಜೊತೆ ಒಂದು ಇರುವೆ ನೋಡಿ. ತಲೆಯ ಮೇಲಿನ ಆ ಎರಡು ಕಡ್ಡಿಗಳಿಗೆ ಪುಸ್ತಕದಲ್ಲಿ ಕುಡಿಮೀಸೆ ಅಂತಿದೆ. ನಿಮ್ಮ ಮನೇಲಿ ಏನಂತೀರಿ?