ಗಡಿಯಾರ ಹಿಡಿದು ನಿಂತವನು

ಕಾಲೇಜಿನ ದಿನಗಳಲ್ಲಿ ದೂರದ ಓಟ ಓಡಿದವನಿಗೆ ನಡುವಯಸ್ಸಿನಲ್ಲಿ ಉಳಿಯುವ ಆಸ್ತಿಯಾದರೂ ಏನು? ಬಣ್ಣ ಮಾಸಿದ ಒಂದೆರಡು ಪ್ರಶಸ್ತಿಪತ್ರ, ಮೆಟ್ಟಿಲು ಹತ್ತುವಾಗ ಮೆಲ್ಲನೆ ದೂರುವ ಮಂಡಿ. ಇವುಗಳ ಜೊತೆಗೆ ಒಂದು ಸಾಲವೂ ಉಳಿದಿರುತ್ತದೆ. ಅವನು ಓಡುತ್ತಿದ್ದಾಗ ಯಾರೋ ಒಬ್ಬರು ಮುಂಜಾವಿನ ಚಳಿಯಲ್ಲಿ ಗಡಿಯಾರ ಹಿಡಿದು ನಿಂತಿದ್ದರಲ್ಲವೆ? ಆ ಸಾಲ.

ನೋಡುವವರಿದ್ದರೆ ಏನಾಗುತ್ತದೆಂಬುದಕ್ಕೆ ನಿದರ್ಶನವಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಜನರ ವೇಗವನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಮರುವರ್ಷವೇ ಭಾರತದ ತಂಡ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೊರಟಿತು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು.

ಸಾಲ ತೀರಿಸಿದವರೂ ಉಂಟು. ಅಮೆರಿಕದ ಜೋನ್ ಬೆನೊಯ್ಟ್ ಕಾಲೇಜು ವಿದ್ಯಾರ್ಥಿನಿಯಾಗಿರುವಾಗಲೇ, 1979ರಲ್ಲಿ, ಬಾಸ್ಟನ್ ಮ್ಯಾರಥಾನನ್ನು ಗೆದ್ದವರು; 1984ರಲ್ಲಿ ಮಹಿಳೆಯರ ಪ್ರಪ್ರಥಮ ಒಲಿಂಪಿಕ್ ಮ್ಯಾರಥಾನನ್ನೂ ಗೆದ್ದರು. 1998ರಲ್ಲಿ ಅವರು ತಾವು ಬೆಳೆದ ಊರಿನ ರಸ್ತೆಗಳಲ್ಲೇ ಹತ್ತು ಕಿಲೋಮೀಟರಿನ ಓಟವೊಂದನ್ನು ಆರಂಭಿಸಿದರು.

ಎಲ್ಲರೂ ಜೋನ್ ಆಗಲಾರರು. ಮಂಡ್ಯದ ಸೀಮೆಯಲ್ಲಿ ಗುಮಾಸ್ತನೋ ಉಪಾಧ್ಯಾಯನೋ ಆಗಿರುವ ಹಳೆಯ ಓಟಗಾರ ಏನು ಮಾಡಿಯಾನು? ದೂರದ ಓಟಕ್ಕೆ ಕ್ರೀಡಾಂಗಣವೇ ಬೇಕೆಂದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ನಾಲೆಯ ಏರಿಯುಂಟು. ಅದರ ಮಣ್ಣು ಮಂಡಿಗೆ ಹಿತ. ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ರಾಗಿಹೊಲಗಳ ನಡುವೆ ಗಾಡಿಜಾಡುಗಳುಂಟು. ಆದರೆ ದಿನವೂ ಜೀವ ಬಿಟ್ಟು ಓಡಬಾರದು, ಬಹುಪಾಲು ದಿನ ಮಾತನಾಡಿಕೊಂಡು ಓಡುವಷ್ಟು ನಿಧಾನವೇ ಸಾಕು ಎಂಬ ಗುಟ್ಟನ್ನು ನಾಲೆಯ ಏರಿ ಹೇಳಿಕೊಡದು. ಅದನ್ನು ಓಡಿ ದಣಿದವನೇ ಹೇಳಬೇಕು.

ಅದಕ್ಕಿಂತ ಕಠಿಣವಾದ ಕೆಲಸ ಜಗಲಿಯ ಮೇಲಿನದು. ಹತ್ತನೆಯ ತರಗತಿ ಮುಗಿಯಿತೆಂದರೆ ಓಡುವ ಹುಡುಗಿಯ ಕಾಲಿಗೆ ಮನೆಯ ಕಟ್ಟಳೆ ತೊಡರುವುದುಂಟು. "ಗೌಡರೆ, ಬೆಳಿಗ್ಗೆ ಒಂದು ಗಂಟೆ ಮಗಳನ್ನು ಕಳಿಸಿಕೊಡಿ. ನಾನೂ ನನ್ನ ಮನೆಯವರೂ ಅಲ್ಲೇ ಇರುತ್ತೇವೆ" ಎಂದು ಕೇಳಲು ಅವನು ಮತ್ತೆ ಮತ್ತೆ ಹೋಗಬೇಕು. ಅಲ್ಲಿ ಸೋತರೆ, ಅವಳ ವೇಗ ಎಷ್ಟೆಂಬುದು ಲೋಕಕ್ಕಿರಲಿ, ಅವಳಿಗೇ ತಿಳಿಯದೆ ಹೋಗುತ್ತದೆ.

ಗೆದ್ದರೆ ಬರುವ ಪ್ರತಿಫಲ ಬಹು ಸಣ್ಣದು. ಏರಿಯ ತುದಿಯಲ್ಲಿ ಆ ಹುಡುಗಿ ಏದುಸಿರು ಬಿಡುತ್ತಾ ನಿಂತು ಕೇಳುತ್ತಾಳೆ: "ಎಷ್ಟಾಯ್ತು ಸಾರ್?"

ಉತ್ತರ ಹೇಳಲು ಅಲ್ಲಿ ಒಬ್ಬನಿದ್ದಾನೆ. ಸಾಲ ತೀರುವುದು ಹಾಗೆ.